ತುಕ್ಕಿನ ಕೆಳಗಿನ ಕಬ್ಬಿಣ

ಜನವರಿ 9

ಮಾವನಿಗೆ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಏಳು ವರ್ಷ ಸುಮ್ಮನಿದ್ದ ಅಕ್ಕನ ಮಗಳು ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಎಂದು ಬೈದುಕೊಳ್ಳಿ. ಬೈದು ಮುಗಿದ ಮೇಲೆ ಮುಂದೆ ಓದಿ. ಫೋನ್ ಮಾಡೋಣವೆಂದಿದ್ದೆ. ‘ನಿಮ್ಮ ಮಾವ ಈಗ ಫೋನ್ ಮುಟ್ಟೋದೇ ಇಲ್ಲ ಕಣೆ, ಬರೆದು ಹಾಕು’ ಎಂದು ಅತ್ತೆ ಹೇಳಿದರು.

ನಾನು ಹೆರಿಗೆ ನರ್ಸ್ ಆದದ್ದು ನಿಮಗೆ ಗೊತ್ತಿದೆ. ಎರಡು ವರ್ಷದಿಂದ ಈ ಬೆಟ್ಟದ ಆರೋಗ್ಯ ಕೇಂದ್ರದಲ್ಲಿದ್ದೇನೆ. ಮೂರು ಕೋಣೆ, ನಾಲ್ಕು ಮಂಚ. ಇಲ್ಲಿಂದ ಮೇಲೆ ಐದು ಹಳ್ಳಿಗಳಿವೆ. ಅಲ್ಲಿಗೆ ಹೋಗುವುದನ್ನು ರಸ್ತೆ ಎಂದು ಕರೆಯುವುದು ಬರೀ ಮರ್ಯಾದೆಗೆ. ಕಾಯಿಲೆಯವರನ್ನು ಕುರ್ಚಿಗೆ ಕೋಲು ಕಟ್ಟಿ ಹೊತ್ತು ತರುತ್ತಾರೆ. ಹೋದ ತಿಂಗಳು ಹೀಗೆ ಹೊತ್ತು ತಂದ ಒಬ್ಬಳು ಬಾಗಿಲಿಗೆ ಬರುವಷ್ಟರಲ್ಲಿ ತಣ್ಣಗಾಗಿದ್ದಳು. ಅವಳ ಜೊತೆ ಹೊಟ್ಟೆಯಲ್ಲಿದ್ದದ್ದೂ.

ಅದಾದ ಮೇಲೆ ಐದೂ ಹಳ್ಳಿಯವರು ಒಟ್ಟಾಗಿ, ನಾಲ್ಕು ಚಕ್ರವೂ ಎಳೆಯುವಂಥ ಒಂದು ಹಳೆಯ ಜೀಪು ಕೊಳ್ಳೋಣ ಎಂದು ತೀರ್ಮಾನಿಸಿದ್ದಾರೆ. ಹೊಸದಕ್ಕೆ ಅವರ ಕೈ ಎಟುಕುವುದಿಲ್ಲ. ಯಾರು ಆರಿಸಬೇಕು ಎಂಬ ಮಾತು ಬಂದಾಗ, ಬಾಲ್ಯವೆಲ್ಲ ಮಾವನ ಗ್ಯಾರೇಜಿನಲ್ಲಿ ಕಳೆದವಳು ನಾನು ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಈಗ ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ.

ಇಂಜಿನ್ ನೋಡಲು ನಮ್ಮ ಡ್ರೈವರಣ್ಣ ಇದ್ದಾರೆ, ಮೂವತ್ತು ವರ್ಷ ಬಸ್ಸು ಓಡಿಸಿದವರು. ಗಾಡಿಯ ಕೆಳಗಿನ ತುಕ್ಕು ನೋಡುವ ವಿದ್ಯೆ ಅವರಿಗಿಲ್ಲ. ನನಗೂ ಅರ್ಧಂಬರ್ಧ. ಏನು ನೋಡಬೇಕು, ಎಲ್ಲಿ ನೋಡಬೇಕು, ಬರೆದು ತಿಳಿಸಿ.

ಅವತ್ತು ಕಲ್ಲಿನ ವ್ಯಾಪಾರದ ಸಾಹುಕಾರರ ಲಾರಿಯ ವಿಷಯದಲ್ಲಿ ಎಲ್ಲರೆದುರು ನಾನು ಆಡಿದ ಮಾತನ್ನಾಗಲಿ, ನೀವು ಆಡಿದ್ದನ್ನಾಗಲಿ ಈ ಕಾಗದದಲ್ಲಿ ಎತ್ತುವುದಿಲ್ಲ.

ಇಂತಿ,
ನಿಮ್ಮ ಅಕ್ಕನ ಮಗಳು


ಜನವರಿ 21

ಆಶೀರ್ವಾದ.

ಕೇಳಿದ್ದಕ್ಕೆ ಉತ್ತರ.

ಬಣ್ಣ ನೋಡಬೇಡ. ಸೀಟು ನೋಡಬೇಡ. ಮಾರುವವನ ಮಾತು ಕೇಳಬೇಡ. ಹಳೆಯ ಸೀರೆ ಹಾಸಿಕೊಂಡು ಗಾಡಿಯ ಕೆಳಗೆ ಮಲಗು. ಬರೀ ಜಾಕ್ ನಂಬಿ ಒಳಗೆ ನುಗ್ಗಬೇಡ, ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ಮರದ ದಿಮ್ಮಿ ಇಟ್ಟ ಮೇಲೆಯೇ ತಲೆ ಹಾಕು.

ತುಕ್ಕೆಲ್ಲ ಒಂದೇ ಅಲ್ಲ. ಉಜ್ಜಿದರೆ ಪುಡಿಯಾಗಿ ಬೆರಳಿಗೆ ಹತ್ತುವುದು ಚರ್ಮದ ಕಾಯಿಲೆ, ಹೆದರಬೇಡ. ಮರದ ತೊಗಟೆಯ ಹಾಗೆ ಪದರ ಪದರ ಎದ್ದಿದ್ದರೆ ಅದು ಮೂಳೆಗೆ ಇಳಿಯುತ್ತಿದೆ. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೇ ಬೀಳದ್ದು. ಗಾಡಿಯ ಭಾರವೆಲ್ಲ ಹೊರುವ ಚಾಸಿ ಎಂದರೆ ಎರಡು ಉದ್ದನೆಯ ಪೊಳ್ಳು ಪೆಟ್ಟಿಗೆ. ಕೆಸರು ಒಳಗೆ ಸೇರಿ ತೇವ ಆರದೆ, ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಹೊರಗೆ ಮದುಮಗ, ಒಳಗೆ ಹೆಣ.

ಹಿಂದಿನ ಚಕ್ರದ ಮೇಲ್ಭಾಗ, ಸ್ಪ್ರಿಂಗ್ ಪಟ್ಟಿ ಚಾಸಿಗೆ ಕಚ್ಚಿಕೊಳ್ಳುವ ಕೊಂಡಿ, ಪೆಟ್ರೋಲ್ ಟ್ಯಾಂಕಿನ ಹಿಂಬದಿ, ಬ್ರೇಕಿನ ಕೊಳವೆ. ಇವನ್ನು ಬಿಡಲೇಬೇಡ. ಚಾಸಿಯಲ್ಲಿ ನೀರಿಳಿಯುವ ತೂತುಗಳಿರುತ್ತವೆ, ತಂತಿ ಹಾಕಿ ಕೆದಕು. ಹೊಸದಾಗಿ ಕಪ್ಪು ಬಳಿದಿದ್ದರೆ ಅಲ್ಲೇ ಅನುಮಾನ ಪಡು. ಸ್ಕ್ರೂಡ್ರೈವರಿನಿಂದ ಚುಚ್ಚು. ಅಯಸ್ಕಾಂತ ಹಿಡಿ, ಅಂಟದಿದ್ದರೆ ಅದು ಕಬ್ಬಿಣವಲ್ಲ, ತೂತು ಮುಚ್ಚಲು ಪುಟ್ಟಿ ಮೆತ್ತಿದ್ದಾರೆ.

ಕೊನೆಗೆ ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೂ ಬಡಿ. ಠಣ್ ಅನ್ನಬೇಕು. ದಬ್ ಎಂದರೆ ಎದ್ದು ಮನೆಗೆ ಹೋಗು.

ಇಷ್ಟೇ.

ಮಾವ

(ಅಂಚಿನಲ್ಲಿ ಬೇರೆ ಅಕ್ಷರ: ‘ಇಷ್ಟೇ’ ಅಂತೆ! ಐದು ಸಲ ಬರೆದು ಹರಿದಿದ್ದಾರೆ. ನೀನು ಸರಿಯಾಗಿ ಉಣ್ಣುತ್ತೀಯಾ ಎಂದು ಕೇಳಲು ಹೇಳಿದೆ, ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ. — ಅತ್ತೆ)


ಫೆಬ್ರವರಿ 5

ಮಾವನಿಗೆ ನಮಸ್ಕಾರ. ಅತ್ತೆಗೆ, ಉಣ್ಣುತ್ತಿದ್ದೇನೆ.

ಮೊನ್ನೆ ಮೊದಲನೆಯ ಗಾಡಿ ನೋಡಿದೆವು. ಪೇಟೆಯಲ್ಲಿ ಹಳೆಯ ಗಾಡಿಗಳ ಅಂಗಡಿ. ಗಾಡಿ ಕೊಳ್ಳಲೆಂದು ಹಳ್ಳಿಯವರು ಮಾಡಿಕೊಂಡ ಸಮಿತಿಯ ಅಧ್ಯಕ್ಷರು ಮರದ ವ್ಯಾಪಾರಿ, ಅಂಗಡಿಯವರು ಅವರಿಗೆ ಹಳೆಯ ಪರಿಚಯ. ಹಸಿರು ಬಣ್ಣದ ಜೀಪು, ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಅಧ್ಯಕ್ಷರು ಬಾನೆಟ್ ಸವರಿದ್ದೇ ಸವರಿದ್ದು. ಡ್ರೈವರಣ್ಣ ಇಂಜಿನ್ ಕೇಳಿ, ‘ಇದಕ್ಕೇನೂ ರೋಗ ಇಲ್ಲ’ ಎಂದರು.

ನಾನು ಸೀರೆ ಹಾಸಿ ಕೆಳಗೆ ನುಗ್ಗಿದೆ.

‘ಅಯ್ಯೋ, ಬಟ್ಟೆ ಕೊಳೆಯಾಗುತ್ತಮ್ಮಾ! ಕೆಳಗಡೆ ನೋಡೋದಕ್ಕೇನಿದೆ?’ ಎಂದರು ಅಂಗಡಿಯವರು.

‘ನೋಡೋದಕ್ಕೇನೂ ಇಲ್ಲ ಅಂದ್ರೆ ಬೇಗ ಮುಗಿಯುತ್ತೆ ಬಿಡಿ’ ಎಂದೆ.

ಕೆಳಗೆಲ್ಲ ಹೊಸ ಕಪ್ಪು. ಮೂಗಿಗೆ ವಾಸನೆ ಬಡಿಯುವಷ್ಟು ಹೊಸದು. ಸುತ್ತಿಗೆ ಬಡಿದೆ. ಮುಂದೆಲ್ಲ ಠಣ್. ಹಿಂದಿನ ಎಡ ಚಕ್ರದ ಹತ್ತಿರ ದಬ್. ಇನ್ನೊಮ್ಮೆ ಬಡಿದೆ, ದಬ್ ಎಂದೇ ಬಂತು. ಅಯಸ್ಕಾಂತ ಹಿಡಿದರೆ ಜಾರಿ ನನ್ನ ಎದೆಯ ಮೇಲೆ ಬಿತ್ತು.

‘ಸಿಸ್ಟರ್, ಇಂಜೆಕ್ಷನ್ ಚುಚ್ಚೋ ಕೈ, ಗಾಡಿಗೂ ಚುಚ್ಚಬೇಡಿ’ ಎಂದು ಯಾರೋ ಹಾಸ್ಯ ಮಾಡಿದರು. ಎಲ್ಲ ನಕ್ಕರು. ನಾನು ಚುಚ್ಚಿದೆ. ಸ್ಕ್ರೂಡ್ರೈವರು ಹಿಡಿಯವರೆಗೂ ಒಳಗೆ ಹೋಯಿತು. ತಿರುಗಿಸಿ ಎಳೆದಾಗ ಅಂಗೈಯಗಲ ಕಪ್ಪು ಚಕ್ಕೆ ಕಿತ್ತು ಬಂತು. ಅದರ ಹಿಂದಿನಿಂದ ಒಂದು ಬೊಗಸೆ ಕೆಂಪು ಹುಡಿ ಸುರಿಯಿತು. ಕೊಂಡಿ ನಿಂತಿದ್ದು ಬಣ್ಣ ಮತ್ತು ಪುಟ್ಟಿಯ ಮೇಲೆ.

ಹೊರಬಂದು ಬೊಗಸೆ ತೆರೆದು ತೋರಿಸಿದೆ. ನಗು ನಿಂತಿತು. ಮಾವ, ನನಗೆ ಎಷ್ಟು ಖುಷಿಯಾಯಿತೆಂದರೆ ಆ ಹುಡಿಯನ್ನು ಚೀಟಿಯಲ್ಲಿ ಕಟ್ಟಿ ತಂದಿದ್ದೇನೆ.

ಅಧ್ಯಕ್ಷರಿಗೆ ಮಾತ್ರ ಮುಖಭಂಗವಾಯಿತು. ‘ನಾಲ್ಕು ಜನರ ಮುಂದೆ ಹೀಗೆ ಮಾಡಬಾರದಿತ್ತು’ ಎಂದು ದಾರಿಯುದ್ದಕ್ಕೂ ಗೊಣಗಿದರು. ಎತ್ತುವುದಿಲ್ಲ ಎಂದಿದ್ದೆ, ಆದರೆ ಆಗ ಅವತ್ತಿನದು ನೆನಪಾಯಿತು. ಲಾರಿಯ ಚಾಸಿ ಗಟ್ಟಿಯಿದೆ ಎಂದು ನೀವು ಸಾಹುಕಾರರಿಗೆ ಹೇಳಿದಿರಿ. ‘ಇಲ್ಲ ಮಾವ, ದಬ್ ಅಂತಿದೆ’ ಎಂದು ನಾನು ಎಂಟು ಜನರೆದುರು ಕೂಗಿದೆ. ‘ನಾಳೆಯಿಂದ ಈ ಶೆಡ್ಡಿಗೆ ಕಾಲಿಡಬೇಡ’ ಎಂದಿರಿ. ನನಗಾಗ ಹತ್ತೊಂಬತ್ತು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಅಷ್ಟು ಮಾತ್ರ ನನ್ನ ತಪ್ಪು.

ಇಂತಿ,
ಅಕ್ಕನ ಮಗಳು


ಫೆಬ್ರವರಿ 16

ಆಶೀರ್ವಾದ.

ಹುಡಿಯ ಚೀಟಿ ಬಿಸಾಡು. ಬಿಟ್ಟು ಬಂದದ್ದು ಸರಿ. ಆ ಜೀಪು ಸಮುದ್ರದ ಕಡೆ ಓಡಿದ್ದಿರಬೇಕು, ಉಪ್ಪು ಗಾಳಿ ಹಾಗೆಯೇ ತಿನ್ನುತ್ತದೆ.

ನಿಮ್ಮ ಅಧ್ಯಕ್ಷರ ಸಿಟ್ಟು ಇಳಿಯುತ್ತದೆ. ಕೆಲವರದ್ದು ತಡವಾಗುತ್ತದೆ.

ಮಾವ

(ಅಂಚಿನಲ್ಲಿ: ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಒಗೆಯಲು ಅಂಗಿ ಕೊಡು ಎಂದರೆ ಕೊಡುವುದಿಲ್ಲ. — ಅತ್ತೆ)


ಮಾರ್ಚ್ 8

ಮಾವ,

ಈ ಸಲ ನಿಜವಾಗಿಯೂ ಸಿಕ್ಕಿಹಾಕಿಕೊಂಡಿದ್ದೇನೆ. ಬೇಗ ಉತ್ತರ ಬರೆಯಿರಿ.

ಬೆಟ್ಟದ ಆಚೆ ಬದಿಯಲ್ಲಿ ಒಬ್ಬ ಅಜ್ಜಿ ಜೇನು ಸಾಕುತ್ತಾರೆ. ಹೂವು ಬಿಡುವ ಕಡೆಗೆಲ್ಲ ಜೇನುಪೆಟ್ಟಿಗೆಗಳನ್ನು ತಮ್ಮ ಜೀಪಿನಲ್ಲಿ ಹೇರಿಕೊಂಡು ತಾವೇ ಓಡಿಸಿಕೊಂಡು ಹೋಗುತ್ತಿದ್ದರಂತೆ. ಈಗ ಮಂಡಿ ಕೈಕೊಟ್ಟಿದೆ. ಗಾಡಿ ಮಾರುತ್ತಾರೆ. ನೋಡಲು ಭೂತ. ಬಾಗಿಲು ನಜ್ಜುಗುಜ್ಜು, ಬಣ್ಣ ಯಾವುದೆಂದು ಅಜ್ಜಿಗೇ ಮರೆತಿದೆ. ಅಧ್ಯಕ್ಷರು ಕಂಡೊಡನೆ, ‘ಇದರಲ್ಲಿ ಹೋದ್ರೆ ಗಟ್ಟಿಯಾಗಿರೋನಿಗೂ ಕಾಯಿಲೆ ಬರುತ್ತೆ’ ಎಂದರು.

ಕೆಳಗೆ ಮಲಗಿದೆ. ಮುಂದೆಲ್ಲ ಇಂಜಿನ್ನಿನಿಂದ ಸೋರಿದ ಎಣ್ಣೆಗೆ ಧೂಳು ಮೆತ್ತಿಕೊಂಡಿದೆ. ಹಿಂದೆಲ್ಲ ಕಂದು. ಒಂದು ಬೆರಳಗಲವೂ ಬಿಡದಂತೆ ತುಕ್ಕು. ಆದರೆ ಚಾಕುವಿನಿಂದ ಕೆರೆದರೆ ಕೆಳಗೆ ಬೆಳ್ಳಗೆ ಕಬ್ಬಿಣ ಹೊಳೆಯುತ್ತದೆ. ಸ್ಕ್ರೂಡ್ರೈವರು ಎಲ್ಲಿಯೂ ಒಳಗೆ ಹೋಗಲಿಲ್ಲ. ಎಲ್ಲಿಯೂ ತೇಪೆಯ ಬೆಸುಗೆಯಿಲ್ಲ.

ಆದರೆ ಸುತ್ತಿಗೆಗೆ ಠಣ್ ಎನ್ನುವುದಿಲ್ಲ ಮಾವ. ದಬ್ ಎಂದೂ ಅಲ್ಲ. ಕಂಬಳಿ ಹೊದ್ದು ಮಾತಾಡಿದ ಹಾಗೆ. ನೀರಿಳಿಯುವ ತೂತಿಗೆ ತಂತಿ ಹಾಕಿದೆ, ಹಳದಿಯಾಗಿ ಮೆತ್ತಗಿನದೇನೋ ಅಂಟಿಕೊಂಡು ಬಂತು. ಮೂಸಿದರೆ ಜೇನುಮೇಣ!

‘ಪ್ರತಿ ವರ್ಷ ಮಿಕ್ಕಿದ ಮೇಣನ ಎಣ್ಣೆ ಜೊತೆ ಕಾಯಿಸಿ ಅದರ ಹೊಟ್ಟೆಗೆ ಸುರೀತಿದ್ದೆ ಮಗಾ. ಮರದ ಪೆಟ್ಟಿಗೆಗೆ ಹಚ್ಚಿದ್ರೆ ಹುಳ ಹಿಡಿಯಲ್ಲ, ಕಬ್ಬಿಣಕ್ಕೂ ಹಿಡಿಯಲ್ಲ ಅಂತ ನಾನೇ ಅಂದ್ಕೊಂಡೆ’ ಎಂದರು ಅಜ್ಜಿ.

ಒಳಗೆ ಮೇಣವಿದ್ದುದರಿಂದ ಸದ್ದು ಹಾಗೆ ಬರುತ್ತಿದೆಯೋ? ಅಥವಾ ಮೇಣದ ಹಿಂದೆ ಕೊಳೆತಿದೆಯೋ? ಸಮಿತಿಯವರೆಲ್ಲ ಬೇಡ ಎನ್ನುತ್ತಿದ್ದಾರೆ. ಚಾಸಿಯ ಚಿತ್ರ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಅಕ್ಕನ ಮಗಳು


ಮಾರ್ಚ್ 17

ಇಲಿಮರೀ,

ಗಾಡಿಯ ಕೆಳಗೆ ಸರಕ್ಕನೆ ನುಗ್ಗುತ್ತಿದ್ದೆ ಎಂದು ನಿನ್ನನ್ನು ಹಾಗೆ ಕರೆಯುತ್ತಿದ್ದೆ. ಇವತ್ತು ಹಾಗೆಯೇ ಬರೆಯುತ್ತೇನೆ.

ಚಿತ್ರ ನೋಡಿದೆ. ನಲವತ್ತು ವರ್ಷ ತುಕ್ಕು ನೋಡಿದ ಈ ಕಣ್ಣು ಆ ಗಾಡಿ ಬೇಡ ಎನ್ನುತ್ತದೆ. ಇಷ್ಟೇ ಬರೆದು ಅಂಚೆಗೆ ಹಾಕಬಹುದಿತ್ತು. ಹಾಕಿದ್ದರೆ ನಿನಗೆ ಎರಡನೆಯ ಸಲ ಅನ್ಯಾಯ ಮಾಡಿದಂತಾಗುತ್ತಿತ್ತು. ಅದಕ್ಕೇ ಹೇಳುತ್ತೇನೆ.

ನನಗೆ ಕಿವಿ ಕೇಳುವುದಿಲ್ಲ. ಎಷ್ಟೋ ವರ್ಷದ ಸುತ್ತಿಗೆಯ ಸದ್ದು ತಿಂದುಹಾಕಿದೆ. ಅವತ್ತು ಲಾರಿಯ ಕೆಳಗೆ ಬಡಿದಾಗ ನನಗೆ ಠಣ್ಣೂ ಕೇಳಿಸಿರಲಿಲ್ಲ, ದಬ್ಬೂ ಕೇಳಿಸಿರಲಿಲ್ಲ. ಕೈಯ ಅಭ್ಯಾಸದ ಮೇಲೆ ಗಟ್ಟಿಯಿದೆ ಎಂದುಬಿಟ್ಟೆ. ನೀನು ಕೂಗಿದಾಗ ಶೆಡ್ಡಿಗೆ ಕಾಲಿಡಬೇಡ ಎಂದುಬಿಟ್ಟೆ. ಸಿಟ್ಟಲ್ಲ ಅದು, ಹೆದರಿಕೆ. ಕಿವುಡ ಎಂದು ಗೊತ್ತಾದರೆ ಯಾರು ಗಾಡಿ ತರುತ್ತಾರೆ?

ನಿನ್ನನ್ನು ಓಡಿಸಿದ ಮರುದಿನ ಬಾಗಿಲು ಹಾಕಿಕೊಂಡು ಲಾರಿಯನ್ನು ಚುಚ್ಚಿ ನೋಡಿದೆ. ನೀನು ತೋರಿಸಿದ ಜಾಗದಲ್ಲೇ ಒಳಗೆ ಹೋಯಿತು. ಯಾರಿಗೂ ಹೇಳದೆ ಕತ್ತರಿಸಿ ಹೊಸ ಕಬ್ಬಿಣ ಕೂರಿಸಿ ಕಳಿಸಿದೆ. ಸಾಹುಕಾರರು ಈಗಲೂ ನನ್ನನ್ನು ಹೊಗಳುತ್ತಾರೆ. ಒಂದೊಂದು ಹೊಗಳಿಕೆಯೂ ಚುಚ್ಚುತ್ತದೆ.

ಆದ್ದರಿಂದ ನನ್ನ ಕಣ್ಣಿನ ಮಾತು ಕೇಳಬೇಡ. ಕಿವಿ ಇರುವುದು ನಿನಗೆ. ಸದ್ದು ಕೇಳಿದವಳು ನೀನು, ತೀರ್ಮಾನವೂ ನಿನ್ನದೇ. ನೀನು ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ.

ನಿನ್ನ ಮಾವ

(ಅಂಚಿನಲ್ಲಿ ಏನೂ ಇರಲಿಲ್ಲ.)


ಏಪ್ರಿಲ್ 2

ಮಾವ,

ನಿಮ್ಮ ಕಾಗದವನ್ನು ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ಓದಿದೆ. ಹೊರಬಂದಾಗ ಕಣ್ಣು ಕೆಂಪಾಗಿದ್ದದ್ದು ಡೆಟಾಲಿನ ಘಾಟಿಗೆ ಎಂದು ಡ್ರೈವರಣ್ಣ ಅಂದುಕೊಂಡರು. ಅದಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ಗಾಡಿಯ ಕಥೆ ಕೇಳಿ.

ಮಂಚದ ಪಕ್ಕ ಕೂತು ಹೊಟ್ಟೆಯ ಕೂಸಿನ ಎದೆಬಡಿತ ಕೇಳುತ್ತಿದ್ದಾಗ ಹೊಳೆಯಿತು. ಚರ್ಮ, ಕೊಬ್ಬು, ನೀರು ಎಲ್ಲ ದಾಟಿ ಸಣ್ಣ ಸದ್ದು ಹಿಡಿಯುವುದೇ ನನ್ನ ದಿನದ ಕೆಲಸ. ಮೇಣ ಯಾವ ಲೆಕ್ಕ? ಸ್ಟೆತಸ್ಕೋಪನ್ನು ಕತ್ತಿಗೆ ಹಾಕಿಕೊಂಡು ಮೊದಲು ಗುಜರಿಗೆ ಹೋದೆ. ಕೊಳೆತದ್ದೆಂದು ಎಲ್ಲರಿಗೂ ಗೊತ್ತಿರುವ ಒಂದು ಲಾರಿಯ ಚಾಸಿಗೆ ಅದನ್ನಿಟ್ಟು, ಆ ತುದಿಯಲ್ಲಿ ಬಡಿಯಿರಿ ಎಂದು ಡ್ರೈವರಣ್ಣನಿಗೆ ಹೇಳಿದೆ. ಸದ್ದು ಅರ್ಧ ದಾರಿಯಲ್ಲಿ ಸತ್ತುಹೋಯಿತು. ಗಟ್ಟಿಯಿದ್ದ ಇನ್ನೊಂದಕ್ಕೆ ಇಟ್ಟೆ. ಗಂಟೆಯ ಹಾಗೆ ಕಿವಿಗೆ ಬಂತು. ಗುಜರಿಯವರು ಕೆಲಸ ಬಿಟ್ಟು ನೋಡುತ್ತಾ ನಿಂತರು. ಹೀಗೆ ಆರು ಗಾಡಿ ಕೇಳಿ ವ್ಯತ್ಯಾಸ ಕಲಿತೆ.

ಆಮೇಲೆ ಅಜ್ಜಿಯ ಅಂಗಳ. ಇಡೀ ಸಮಿತಿಯನ್ನು ಕರೆಸಿದೆ. ಡ್ರೈವರಣ್ಣ ಹಿಂದಿನಿಂದ ಬಡಿದರು, ನಾನು ಮುಂದೆ ಕೇಳಿದೆ. ಮಾವ, ಸದ್ದು ಆ ತುದಿಯಿಂದ ಈ ತುದಿಗೆ ಎಲ್ಲಿಯೂ ಮುಗ್ಗರಿಸದೆ ಬಂತು. ಎಡಕ್ಕೂ ಬಂತು, ಬಲಕ್ಕೂ ಬಂತು. ಮೇಣ ಹೊರಗಿನ ಠಣ್ಣನ್ನು ನುಂಗಿತ್ತು ಅಷ್ಟೇ, ಒಳಗಿನ ಕಬ್ಬಿಣ ಅಖಂಡವಾಗಿತ್ತು.

‘ನಿಮಗೆ ಕೇಳಿಸ್ತು, ನಮಗೇನು ಗ್ಯಾರಂಟಿ?’ ಎಂದರು ಅಧ್ಯಕ್ಷರು.

‘ನೀವೇ ಕೇಳಿ’ ಎಂದು ಅವರ ಕಿವಿಗೇ ಸಿಕ್ಕಿಸಿದೆ. ಆಮೇಲೆ ಹಿಂದಿನ ಒಂದೇ ಮೂಲೆಗೆ ಜಾಕ್ ಕೊಟ್ಟು ಎತ್ತಿಸಿದೆ. ಚಾಸಿ ಸೊರಗಿದ್ದರೆ ಮೈ ಬಾಗಿ ಬಾಗಿಲು ಕಚ್ಚಿಕೊಳ್ಳುತ್ತಿತ್ತು. ‘ಈಗ ಬಾಗಿಲು ತೆಗೀರಿ’ ಎಂದೆ. ಅಧ್ಯಕ್ಷರು ಒಂದು ಬೆರಳಿನಿಂದ ತೆಗೆದರು, ಒಂದು ಬೆರಳಿನಿಂದ ಹಾಕಿದರು, ಮತ್ತೆ ತೆಗೆದರು. ಕೊನೆಗೆ, ‘ಸಿಸ್ಟರ್ ಹೇಳಿದ್ಮೇಲೆ ಆಯ್ತು’ ಎಂದರು. ಅಜ್ಜಿ ನನ್ನ ಕೈಗೆ ಕೀಲಿ ಕೊಟ್ಟು, ‘ಅದಕ್ಕೆ ವರ್ಷಕ್ಕೊಂದು ಸಲ ಮೇಣ ಕುಡಿಸು’ ಎಂದರು.

ನಾನು ಬೇಕು ಎಂದೆ, ಮಾವ.

ನಿಮ್ಮ ಇಲಿಮರಿ


ಜೂನ್ 19

ಮಾವ, ಅತ್ತೆ, ಇಬ್ಬರೂ ಒಟ್ಟಿಗೆ ಕೂತು ಓದಿ.

ಮೊನ್ನೆ ಬೆಳಿಗ್ಗೆ ಎಲ್ಲಕ್ಕಿಂತ ಮೇಲಿನ ಹಳ್ಳಿಯಿಂದ ಸುದ್ದಿ ಬಂತು. ಅಲ್ಲಿಯ ಶಾಲೆಯ ಮೇಷ್ಟ್ರ ಹೆಂಡತಿಗೆ ನೋವು ಶುರುವಾಗಿದೆ, ಕೂಸು ಅಡ್ಡ ಕೂತಿದೆ. ಇಲ್ಲಿ ಆಗುವಂಥದ್ದಲ್ಲ, ಪೇಟೆಯ ದೊಡ್ಡಾಸ್ಪತ್ರೆಗೇ ಒಯ್ಯಬೇಕು. ಹಿಂದಿನ ದಿನದ ಮಳೆಗೆ, ನಡುದಾರಿಯಲ್ಲಿ ಹಳ್ಳಕ್ಕೆ ಕಟ್ಟಿದ್ದ ಮೋರಿಯ ಅರ್ಧ ಕೊಚ್ಚಿಹೋಗಿತ್ತು. ಹತ್ತುವಾಗ ಹೇಗೋ ಹಳ್ಳದಲ್ಲೇ ಇಳಿಸಿ ದಾಟಿಸಿದೆವು. ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಇಳಿಯುವಾಗ ಹಳ್ಳ ತುಂಬಿತ್ತು.

ಅಧ್ಯಕ್ಷರು ತಮ್ಮ ಆಳುಗಳನ್ನು ಕರೆದುಕೊಂಡು ಬಂದು, ಸೊಂಟದುದ್ದ ನೀರಿನಲ್ಲಿ ತಾವೇ ನಿಂತು ಮುರಿದ ಮೋರಿಗೆ ಹಲಗೆ ಹಾಸಿದರು. ‘ನಿಧಾನ, ನಿಧಾನ!’ ಎಂದು ಕೂಗುತ್ತಿದ್ದರು. ಡ್ರೈವರಣ್ಣ ನನ್ನ ಮುಖ ನೋಡಿದರು. ‘ತಡೆಯುತ್ತಾ ಸಿಸ್ಟರ್?’

‘ತಡೆಯುತ್ತೆ ಅಣ್ಣ. ನಡೀರಿ’ ಎಂದೆ.

ನಡುವೆ ಒಂದು ಹಲಗೆ ಜಾರಿತು. ಹಿಂದಿನ ಬಲ ಚಕ್ರ ಗಾಳಿಯಲ್ಲಿ, ಮುಂದಿನ ಎಡ ಚಕ್ರ ಗುಂಡಿಯಲ್ಲಿ. ಒದ್ದೆ ಬಟ್ಟೆ ಹಿಂಡುವ ಹಾಗೆ ಇಡೀ ಗಾಡಿಯನ್ನು ಬೆಟ್ಟ ಹಿಂಡಿತು. ನಾನು ಹಿಂದೆ ಕೂತು ಒಂದು ಕೈಯಲ್ಲಿ ಅವಳನ್ನು ಹಿಡಿದಿದ್ದೆ, ಇನ್ನೊಂದು ಕೈ ನೆಲದ ತಗಡಿನ ಮೇಲಿತ್ತು. ಎಲ್ಲಾದರೂ ಚಟ್ ಎನ್ನುತ್ತದೆಯೋ ಎಂದು ಮೈಯೆಲ್ಲ ಕಿವಿಯಾಗಿದ್ದೆ. ಏನೂ ಇಲ್ಲ. ಒಂದು ಕಿರುಗುಟ್ಟುವಿಕೆಯೂ ಇಲ್ಲ. ಉಳಿದ ಚಕ್ರಗಳು ಕಚ್ಚಿದವು, ಗಾಡಿ ಒಮ್ಮೆ ಕೊಸರಿತು, ಆಚೆ ದಡದಲ್ಲಿದ್ದೆವು. ಹಿಂದಿನಿಂದ ಕೇಕೆ, ಸಿಳ್ಳೆ. ತಿರುಗಿ ನೋಡಿದರೆ ಅಧ್ಯಕ್ಷರು ನೀರಿನಲ್ಲೇ ಕುಣಿಯುತ್ತಿದ್ದರು.

ಮಧ್ಯಾಹ್ನ ಎರಡೂವರೆಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೆಣ್ಣುಮಗು. ತಾಯಿಯೂ ಕ್ಷೇಮ. ‘ಇನ್ನರ್ಧ ಗಂಟೆ ತಡವಾಗಿದ್ದರೆ…’ ಎಂದು ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು. ಮೇಷ್ಟ್ರು ಗಾಡಿಯ ನಜ್ಜಾದ ಬಾಗಿಲಿಗೆ ಹಣೆ ಹಚ್ಚಿ ನಿಂತುಬಿಟ್ಟರು.

ಈಗ ಬೆಟ್ಟದಲ್ಲಿ ಯಾರು ಹಳೆಯ ಗಾಡಿ ಕೊಳ್ಳಲು ಹೊರಟರೂ ಮೊದಲು ನನ್ನ ಹತ್ತಿರ ತರುತ್ತಾರೆ. ಭಾನುವಾರ ಬೆಳಿಗ್ಗೆ ಕೇಂದ್ರದ ಅಂಗಳದಲ್ಲಿ ಸಾಲು ನಿಂತಿರುತ್ತದೆ. ಹಸಿರು ಜೀಪಿನ ಅಂಗಡಿಯವರೂ ಒಂದು ಗಾಡಿ ತಂದು, ‘ಸಿಸ್ಟರ್, ಮಾರೋ ಮುಂಚೆ ಒಂದು ಸಲ ನೋಡಿಬಿಡಿ’ ಎಂದರು.

ನಿಮ್ಮ ವಿದ್ಯೆ, ಮಾವ. ನನ್ನ ಕಿವಿ.

ಇಲಿಮರಿ


ಜುಲೈ 3

ಇಲಿಮರೀ,

ನಿನ್ನ ಕಾಗದ ತಲುಪಿದ ದಿನ ಗ್ಯಾರೇಜಿಗೆ ರಜೆ ಕೊಟ್ಟೆ. ಮರುದಿನ, ಅವತ್ತು ನಿನ್ನ ಮಾತು ಕೇಳಿದ ಎಂಟು ಜನರಿಗೂ ಹೇಳಿಕಳಿಸಲು ಹೊರಟೆ. ಒಬ್ಬರು ತೀರಿಕೊಂಡಿದ್ದಾರೆ. ಉಳಿದ ಏಳು ಜನ ಬಂದರು. ಕಲ್ಲಿನ ಸಾಹುಕಾರರೂ ಬಂದರು. ಶೆಡ್ಡಿನ ನಡುವೆ ನಿಂತುಕೊಂಡು ಹೇಳಿದೆ: ‘ಏಳು ವರ್ಷದ ಹಿಂದೆ ಇದೇ ಜಾಗದಲ್ಲಿ ನನ್ನ ಅಕ್ಕನ ಮಗಳು ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು. ನನಗೆ ಆಗಲೇ ಕಿವಿ ಹೋಗಿತ್ತು. ಗೊತ್ತಿದ್ದೂ ಅವಳನ್ನ ಆಚೆಗೆ ಕಳಿಸಿದೆ.’

ಯಾರ್ಯಾರೋ ಏನೇನೋ ಅಂದರು. ನನಗೆ ಕೇಳಿಸಲಿಲ್ಲ, ಅದು ಬೇರೆ. ಆಮೇಲೆ ನಿನ್ನ ಜೂನಿನ ಕಾಗದವನ್ನು ಅತ್ತೆಯ ಕೈಲಿ ಗಟ್ಟಿಯಾಗಿ ಓದಿಸಿದೆ. ಅವಳ ಬೆರಳು ಮೋರಿಯ ಸಾಲಿಗೆ ಬಂದಾಗ ಸಾಹುಕಾರರು ಕೂತಲ್ಲಿಂದ ಎದ್ದು ನಿಂತರು. ಮಗು ಹುಟ್ಟಿತು ಎಂದಾಗ ಎಲ್ಲರ ಕೈಗಳೂ ಒಟ್ಟಿಗೆ ಆಡಿದವು. ಚಪ್ಪಾಳೆ ಎಂದು ಕಣ್ಣಿಗೆ ಕಂಡಿತು.

ಗಿರಾಕಿಗಳು ಬಿಟ್ಟುಹೋಗುತ್ತಾರೆಂದು ಏಳು ವರ್ಷ ಹೆದರಿದ್ದೆನಲ್ಲ, ಸಾಹುಕಾರರು ಕೇಳಿದ್ದು ಏನು ಗೊತ್ತೇ? ಚೀಟಿಯಲ್ಲಿ ಬರೆದು ತೋರಿಸಿದರು: ‘ನನ್ನ ಲಾರಿ ನೋಡೋದಕ್ಕೆ ಆ ಹುಡುಗಿ ಯಾವಾಗ ಬರ್ತಾಳೆ?’

ನಾನು ಜೋರಾಗಿಯೇ ಹೇಳಿದೆ, ಬಹುಶಃ ಬೀದಿಗೆಲ್ಲ ಕೇಳಿಸುವಷ್ಟು: ‘ಅವಳು ಬರೋದಿಲ್ಲ ಸ್ವಾಮೀ. ಅವಳಿಗೆ ಕೆಲಸ ಇದೆ. ಬೇಕಿದ್ರೆ ನಾವೇ ಬೆಟ್ಟ ಹತ್ತಿ ಸಾಲಲ್ಲಿ ನಿಲ್ಲಬೇಕು.’

ಹಾಗಾಗಿ ಈ ಭಾನುವಾರ ನಾಲ್ಕು ಗಾಡಿ ಬರುತ್ತಿವೆ. ಎಲ್ಲಕ್ಕಿಂತ ಮುಂದಿನದು ಸಾಹುಕಾರರ ಲಾರಿ. ಅದರಲ್ಲಿ ಕಿಟಕಿಯ ಪಕ್ಕ ನಿನ್ನ ಅತ್ತೆ, ನಡುವೆ ನಾನು. ನಮ್ಮನ್ನು ಮನೆಯವರೆಂದು ಮುಂದೆ ಬಿಡಬೇಡ. ಸರದಿ ಬರುವವರೆಗೂ ನಿಂತಿರುತ್ತೇವೆ.

ನಿನ್ನ ಮಾವ